ಪೆನ್ಸಿಲಿನಲ್ಲಿ ತಿದ್ದಿದ ಕಾಯಿಲೆಯ ಕಾದಂಬರಿಗಳು

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಭಾಷಾಭಿಮಾನ ಕಾರಣವಲ್ಲ. ತಮಿಳಿನಲ್ಲಿ ಬರೆದರೆ ನಮ್ಮವರು ಓದಿಬಿಡುತ್ತಾರೆ, ಅಷ್ಟೇ. ತಮಿಳುನಾಡಿನ ಅವಿನಾಶಿ, ಪಲ್ಲಡಂ ಸುತ್ತಿನ ನಮ್ಮ ನೇಕಾರರ ಮನೆಗಳಲ್ಲಿ ಹುಟ್ಟಿದ ಮಗುವಿನಿಂದ ಹಿಡಿದು ಎಲ್ಲರೂ ಕನ್ನಡ ಮಾತಾಡುತ್ತಾರೆ. ಓದಲು ಬರುವವರನ್ನು ಮಾತ್ರ ಹುಡುಕಬೇಕು. ನಾನೂ ಲಿಪಿ ಕಲಿತದ್ದು ನಲವತ್ತು ದಾಟಿದ ಮೇಲೆ, ಒಂದನೇ ತರಗತಿಯ ಪುಸ್ತಕ ತರಿಸಿಕೊಂಡು. ಹಾಗಾಗಿ ನಮ್ಮವರ ಗುಟ್ಟು ಬರೆಯಲು ಕನ್ನಡದಷ್ಟು ಭದ್ರವಾದ ಜಾಗ ಇನ್ನೊಂದಿಲ್ಲ. ಆದರೂ ಹೆಸರುಗಳನ್ನು ಬದಲಾಯಿಸಿದ್ದೇನೆ.

ಅವಿನಾಶಿ ರಸ್ತೆಯ ಖಾಸಗಿ ಶಾಲೆಯೊಂದರಲ್ಲಿ ಲೈಬ್ರೇರಿಯನ್ ಆಗಿದ್ದು ನಿವೃತ್ತಳಾದವಳು ನಾನು. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಬದುಕು ಮುಗಿಸಿದರು. ಅಮ್ಮ ನೂಲು ಸುತ್ತಿದಳು. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು, ಅದೂ ಎರಡು ಪದವಿ. ಎರಡಕ್ಕೂ ಕಟ್ಟು ಹಾಕಿಸಿ ಮುಂಗೋಣೆಯಲ್ಲಿ ನೇತುಹಾಕಿದ್ದೇನೆ. ಮನೆಗೆ ಬಂದವರು ನೋಡದೆ ಕೂತರೆ ಆ ಕಡೆಯ ಲೈಟ್ ಹಾಕುತ್ತೇನೆ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಮಕ್ಕಳು ನನ್ನ ಹತ್ತಿರ ಬಂದು ಕೇಳುವುದು ಎರಡೇ ಪ್ರಶ್ನೆ. ಯಾವ ಸಾಫ್ಟ್‌ವೇರ್ ಬಳಸುತ್ತಿದ್ದಿರಿ, ಮಕ್ಕಳಲ್ಲಿ ಓದುವ ಹವ್ಯಾಸ ಹೇಗೆ ಬೆಳೆಸಿದಿರಿ. ಮೊದಲನೆಯದಕ್ಕೆ ಉತ್ತರ: ನಮ್ಮ ಕಂಪ್ಯೂಟರ್ ರಿಪೇರಿಗೆ ಹೋಗಿ ಹೋಗಿ ಕೊನೆಗೆ ಅಲ್ಲೇ ನೆಲೆಸಿತು, ನಾನು ರಿಜಿಸ್ಟರಿನಲ್ಲೇ ಬರೆದೆ. ಎರಡನೆಯದಕ್ಕೆ ಉತ್ತರ: ನಾನು ಬೆಳೆಸಲಿಲ್ಲ, ಓದುವವರು ಓದಿದರು. ನಾನು ಮಾಡಿದ್ದು ಅವರ ದಾರಿಗೆ ಅಡ್ಡ ಬಂದದ್ದು. ಅದರಲ್ಲಿ ಒಂದು ಸಲ ಬಂದದ್ದನ್ನು ಬರೆಯುತ್ತೇನೆ.

ಶಾಲೆಯ ಒಡೆಯರನ್ನು ನಮ್ಮ ಕಡೆ ಕರಸ್ಪಾಂಡೆಂಟ್ ಎನ್ನುತ್ತಾರೆ. ನಮ್ಮ ಕರಸ್ಪಾಂಡೆಂಟ್ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ ನಡೆಸಿ ಮೇಲೆ ಬಂದವರು. ಪುಸ್ತಕ ಆರಿಸುವಾಗಲೂ ಬನಿಯನ್ ಬಟ್ಟೆ ನೋಡಿದ ಹಾಗೆ ಹಾಳೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ಒಂದು ಜೂನ್ ತಿಂಗಳಲ್ಲಿ ಅವರು ಚೆನ್ನೈಯಲ್ಲಿ ಯಾವುದೋ ಸಮ್ಮೇಳನ ಮುಗಿಸಿಕೊಂಡು ಬಂದರು. ಹದಿಹರೆಯದ ಮಕ್ಕಳಿಗೆ ಮನೋಬಲ ಕಡಿಮೆಯಾಗುತ್ತಿದೆ ಎಂದು ಅಲ್ಲಿ ಹೇಳಿದ್ದರಂತೆ.

"ಮೇಡಂ, ಒಂದು ಧೈರ್ಯದ ಕಪಾಟು ಮಾಡಿ" ಎಂದರು.

ಮಾರನೆಯ ವಾರ ಎರಡು ಪೆಟ್ಟಿಗೆ ಬಂದವು. ಎಲ್ಲವೂ ಇಂಗ್ಲಿಷ್ ಕಾದಂಬರಿಗಳು, ಎಲ್ಲದರಲ್ಲೂ ದೊಡ್ಡ ಕಾಯಿಲೆ ಇರುವ ಹದಿನಾರು ಹದಿನೇಳರ ಮಕ್ಕಳು. ಕ್ಯಾನ್ಸರ್, ಹೃದಯ, ಮೂತ್ರಪಿಂಡ, ಮೂರ್ಛೆ, ಉಬ್ಬಸ, ಸಕ್ಕರೆ. ಒಂದೊಂದು ಪುಸ್ತಕದ ಮೇಲೂ ಒಬ್ಬಳು ಹುಡುಗಿ ನಮಗೆ ಬೆನ್ನು ತೋರಿಸಿಕೊಂಡು ಆಕಾಶ ನೋಡುತ್ತಿದ್ದಳು.

ಕಪಾಟಿಗೆ ಇಡುವ ಮೊದಲು ಓದುವುದು ನನ್ನ ಪದ್ಧತಿ. ಎಲ್ಲವನ್ನೂ ಓದಿದೆ. ಓದಿ ತಿಳಿದುಕೊಂಡದ್ದು ಇಷ್ಟು. ಕಾಯಿಲೆ ಬಂದವರು ತೆಳ್ಳಗಾಗುತ್ತಾರೆ, ಅಂದಗೆಡುವುದಿಲ್ಲ. ಅವರಿಗೆ ವಾಂತಿಯಾದರೂ ಅಧ್ಯಾಯದ ಕೊನೆಯಲ್ಲೇ ಆಗುತ್ತದೆ, ಒರೆಸುವವರ ಮಾತು ಬರುವ ಹೊತ್ತಿಗೆ ಮುಂದಿನ ಅಧ್ಯಾಯ ಶುರುವಾಗಿರುತ್ತದೆ. ಪಕ್ಕದ ವಾರ್ಡಿನಲ್ಲಿ ಒಬ್ಬ ಚೆಂದದ ಹುಡುಗ ಇದ್ದೇ ಇರುತ್ತಾನೆ. ನಮ್ಮ ಕಡೆಯ ವಾರ್ಡುಗಳಲ್ಲಿ ಪಕ್ಕದ ಹಾಸಿಗೆಯಲ್ಲಿ ಕೆಮ್ಮುವ ಮುದುಕರು, ಅವರ ಐದು ಜನ ನೆಂಟರು, ಮೂರು ಅಂತಸ್ತಿನ ತಿಂಡಿ ಡಬ್ಬಿ. ಆ ಹುಡುಗಿಯರ ತಾಯಂದಿರು ಹುಡುಗ ಬರುವ ಹೊತ್ತಿಗೆ ಸರಿಯಾಗಿ ಕಾಫಿ ತರಲು ಹೊರಗೆ ಹೋಗುತ್ತಾರೆ. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಅಷ್ಟು ಪುಸ್ತಕಗಳಲ್ಲಿ ಒಬ್ಬಳಿಗೂ ಸೋದರತ್ತೆಯಿಲ್ಲ. ಮನೆಗೆ ಬಂದು, ನೀರು ಕುಡಿದು, "ಇವಳನ್ನ ಯಾರು ಕಟ್ಕೋತಾರೆ?" ಎಂದು ಕೇಳುವ ಒಂದು ಹೆಂಗಸೂ ಆ ದೇಶಗಳಲ್ಲಿ ಇದ್ದ ಹಾಗಿಲ್ಲ.

ಇಷ್ಟು ತಿಳಿದೂ ಕಪಾಟಿನಲ್ಲಿಟ್ಟೆ. ಸಂಬಳ ಕೊಡುವವರು ಇಡು ಎಂದಿದ್ದರು. ಪುಸ್ತಕ ಓದಿದವರು ಒಂದು ಫಾರಂ ತುಂಬಬೇಕು, ಅದರಲ್ಲಿ "ಈ ಕಥೆಯಿಂದ ನೀವು ಕಲಿತದ್ದೇನು" ಎಂಬ ಪ್ರಶ್ನೆ. ಮೊದಲ ಹುಡುಗಿ "ಜೀವನ ಅಮೂಲ್ಯವಾದುದು" ಎಂದು ಬರೆದಳು. ಮುಂದಿನ ಎಲ್ಲರೂ ಅವಳ ಫಾರಂ ನೋಡಿ ಅದನ್ನೇ ಬರೆದರು. ಕರಸ್ಪಾಂಡೆಂಟ್ ಫಾರಂಗಳ ಕಟ್ಟನ್ನು ಉಜ್ಜಿ ನೋಡಿ ಸಂತೋಷಪಟ್ಟರು.

ಧೈರ್ಯದ ಮೊದಲ ಫಲ ಸಿಕ್ಕಿದ್ದು ಆಟದ ದಿನ. ಹತ್ತನೇ ತರಗತಿಯಲ್ಲಿ ಉಬ್ಬಸದ ಹುಡುಗಿಯೊಬ್ಬಳಿದ್ದಳು. ಅವರ ಮನೆ ಹತ್ತಿಯ ಧೂಳಿನ ನಡುವೆಯೇ ಇತ್ತು. ಅವಳು ಓದಿದ ಕಾದಂಬರಿಯ ನಾಯಕಿಗೂ ಉಬ್ಬಸ, ಆದರೂ ಕೊನೆಯ ಪುಟದಲ್ಲಿ ಓಟದ ಪಂದ್ಯ ಗೆಲ್ಲುತ್ತಾಳೆ. ನಮ್ಮ ಹುಡುಗಿ ಯಾರಿಗೂ ಹೇಳದೆ ನಾನೂರು ಮೀಟರ್ ಓಟಕ್ಕೆ ಹೆಸರು ಕೊಟ್ಟಳು. ಅರ್ಧ ಸುತ್ತಿಗೆ ಕೂತಳು. ಅವಳ ಗೆಳತಿ ಬ್ಯಾಗಿನಿಂದ ಇನ್‌ಹೇಲರ್ ತಂದು ಕೊಟ್ಟಳು, ಉಸಿರು ಬಂತು. ಪಿ.ಟಿ. ಮಾಸ್ಟರ್ ಮೈದಾನದ ನಡುವಿನಿಂದಲೇ ನನ್ನನ್ನು ಕೂಗಿದರು. "ಮೇಡಂ, ಈ ಪುಸ್ತಕ ಬರ್ದವರನ್ನ ಒಂದ್ಸಲ ಕರ್ಕೊಂಬನ್ನಿ. ಒಂದು ರೌಂಡ್ ಓಡಿಸಿ ನೋಡ್ತೀನಿ."

ಅದಾದ ಸ್ವಲ್ಪ ದಿನಕ್ಕೆ ಪೆನ್ಸಿಲ್ ಗುರುತುಗಳು ಕಣ್ಣಿಗೆ ಬಿದ್ದವು.

ಲೈಬ್ರರಿ ಪುಸ್ತಕದಲ್ಲಿ ಗೀಚುವುದು ನನ್ನ ರಾಜ್ಯದಲ್ಲಿ ಕೊಲೆಗೆ ಸಮಾನವಾದ ಅಪರಾಧ. ಸಕ್ಕರೆ ಕಾಯಿಲೆಯ ಹುಡುಗಿಯ ಒಂದು ಕಾದಂಬರಿಯ ಅಂಚಿನಲ್ಲಿ ಪುಟ ಪುಟಕ್ಕೂ ಸಣ್ಣ ಅಕ್ಷರದ ಬರಹ. ತಮಿಳು ಅಕ್ಷರ, ಆದರೆ ಇಂಗ್ಲಿಷ್ ಟೀಚರಿಗೆ ಕೊಟ್ಟರೆ ಅರ್ಥವಾಗಲಿಲ್ಲ, ತಮಿಳು ಪಾಠದ ಅಯ್ಯನಿಗೂ ಆಗಲಿಲ್ಲ. ನಾನು ತಗೊಂಡು ಬಾಯಿಬಿಟ್ಟು ಓದಿದೆ. ಅಕ್ಷರ ತಮಿಳು, ಮಾತು ಕನ್ನಡ. ನಮ್ಮ ಮನೆಮಾತು. ನಾಯಕಿ ಹುಟ್ಟುಹಬ್ಬದ ಕೇಕ್ ತಿನ್ನುವ ಪುಟದಲ್ಲಿ ಹೀಗಿತ್ತು: "ಮೂರು ಪುಟ ಆಯ್ತು, ಇವಳು ಊಸಿ ಹಾಕ್ಕೊಂಡೇ ಇಲ್ಲ." ಊಸಿ ಅಂದರೆ ನಮ್ಮಲ್ಲಿ ಸೂಜಿ, ಇಂಜೆಕ್ಷನ್. ನಾಯಕಿ ಹುಡುಗನ ಜೊತೆ ಕಡಲತೀರಕ್ಕೆ ಹೋಗಿ ಎರಡು ದಿನ ಕಳೆಯುವ ಪುಟದಲ್ಲಿ: "ಇಷ್ಟೊತ್ತಿಗೆ ಐಸಿಯು." ಸೂರ್ಯಾಸ್ತದ ವರ್ಣನೆಯ ಪಕ್ಕದಲ್ಲಿ: "ಮೊದಲು ಬೆರಳು ಚುಚ್ಚಿ ನೋಡು, ಆಮೇಲೆ ಸೂರ್ಯನ್ನ ನೋಡು."

ಕೋಪ ಬರಬೇಕಿತ್ತು, ನಗು ಬಂತು. ಕಾದಂಬರಿಯಲ್ಲಿ ಇರದ ಒಂದು ಮನುಷ್ಯಪ್ರಾಣಿ ಅದರ ಅಂಚಿನಲ್ಲಿತ್ತು.

ನಮ್ಮ ಶಾಲೆಯಲ್ಲಿ ಮನೆಮಾತು ಕನ್ನಡವಾಗಿದ್ದ ಮಕ್ಕಳು ಐದಾರು ಜನ. ರಿಜಿಸ್ಟರ್ ತಿರುಗಿಸಿದರೆ ಉತ್ತರ ಸಿಕ್ಕಿತು. ಪ್ಲಸ್ ಒನ್, ಅಂದರೆ ಹನ್ನೊಂದನೇ ತರಗತಿಯ ಗೋಕಿಲಾ. ಪಲ್ಲಡಂನಿಂದ ಬಸ್ಸಿನಲ್ಲಿ ಬರುವವಳು, ತಂದೆಗೆ ಆರು ಪವರ್‌ಲೂಮ್. ಮಧ್ಯಾಹ್ನದ ಬಿಡುವಿನಲ್ಲಿ ಕರೆಸಿ ಪುಸ್ತಕವನ್ನು ಮುಂದಿಟ್ಟೆ.

"ಇದು ನೀನು ಗೀಚಿದ್ದಾ?"

"ಗೀಚಿಲ್ಲ ಮಿಸ್, ತಿದ್ದಿದೀನಿ."

"ನೀನು ಯಾರು ತಿದ್ದಕ್ಕೆ? ಡಾಕ್ಟರಾ?"

ಅವಳು ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ತಮಿಳು ಬಿಟ್ಟು ಕನ್ನಡಕ್ಕೆ ಬಂದಳು. "ನಂಗೆ ಆರನೇ ಕ್ಲಾಸಿಂದ ಶುಗರ್ ಮಿಸ್. ದಿನಕ್ಕೆ ನಾಕು ಊಸಿ. ಬೇರೆ ಯಾರಿಗೂ ಗೊತ್ತಿಲ್ಲ, ನೀವು ನಮ್ಮವರು ಅಂತ ಹೇಳ್ತಿದೀನಿ."

ಮಧ್ಯಾಹ್ನದ ಊಸಿಯನ್ನು ಎಲ್ಲಿ ಹಾಕಿಕೊಳ್ಳುತ್ತೀಯ ಎಂದು ಕೇಳಿದೆ. ಹುಡುಗಿಯರ ಕಕ್ಕಸಿನಲ್ಲಿ, ಕೊನೆಯ ಬಾಗಿಲು, ಅದಕ್ಕೆ ಚಿಲಕ ಸರಿಯಿದೆ ಎಂದಳು. ಐದು ವರ್ಷದಿಂದ ಆ ಮಗು ಊಟಕ್ಕೆ ಮುಂಚೆ ಕಕ್ಕಸಿಗೆ ಹೋಗಿ ಹೊಟ್ಟೆಗೆ ಚುಚ್ಚಿಕೊಂಡು ಬರುತ್ತಿತ್ತು. ಯಾಕಿಷ್ಟು ಗುಟ್ಟು ಎಂದರೆ ಮನೆಯ ಕರಾರು ಹೇಳಿದಳು. ಅಕ್ಕ ನಂದಿನಿಗೆ ಗಂಡು ನೋಡುತ್ತಿದ್ದರು. ತಂಗಿಗೆ ಇಂಥದ್ದಿದೆ ಎಂದು ಹೊರಗೆ ತಿಳಿದರೆ ಅಕ್ಕನಿಗೂ ಗಂಡು ಸಿಕ್ಕುವುದಿಲ್ಲ ಎಂದು ಅವರ ಅಪ್ಪನ ಲೆಕ್ಕ.

"ಗೊತ್ತಾಗದೇ ಇರೋವರೆಗೂ ಓದು, ಗೊತ್ತಾದ ದಿವಸ ಮನೇಲಿ ಕೂತ್ಕೋ ಅಂದಿದಾರೆ ಅಪ್ಪ. ನಂಗೆ ಪ್ಲಸ್ ಟು ಮುಗಿಸ್ಬೇಕು ಮಿಸ್. ಇನ್ನೊಂದೂವರೆ ವರ್ಷ. ಅಷ್ಟೇ ಬೇಕಾಗಿರೋದು."

ಮಾರನೆಯ ದಿನದಿಂದ ಅವಳ ಮಧ್ಯಾಹ್ನದ ಊಟ ನನ್ನ ಕಪಾಟುಗಳ ಹಿಂದೆ. ಲೈಬ್ರರಿಯಲ್ಲಿ ಬಿಸ್ಕತ್ತಿನ ಪುಡಿ ಕಂಡರೆ ಮಕ್ಕಳನ್ನು ಒಂದು ವಾರ ಹೊರಗಿಡುತ್ತಿದ್ದವಳು ನಾನು. ಅವಳು ಪೆನ್ನಿನಂಥ ಆ ಸಾಧನವನ್ನು ತೆಗೆದು, ರೇಡಿಯೋದ ಗುಂಡಿ ತಿರುಗಿಸಿದ ಹಾಗೆ ತುದಿ ತಿರುಗಿಸಿ, ಚುಚ್ಚಿಕೊಂಡು, ಅದೇ ಕೈಯಲ್ಲಿ ಡಬ್ಬಿ ಬಿಚ್ಚುತ್ತಿದ್ದಳು. ನಾನು ಮೊದಲ ದಿನ ಮುಖ ತಿರುಗಿಸಿಕೊಂಡೆ.

"ಕಾದಂಬರೀಲಿ ಹಿಂಗೆ ಮುಖ ತಿರುಗಿಸೋರು ಅಳ್ತಾರೆ ಮಿಸ್. ಅಳ್ತೀರಾ?"

"ನೀನು ಉಣ್ಣು."

ಕಪಾಟಿನಲ್ಲಿದ್ದ ಸಕ್ಕರೆ ಕಾಯಿಲೆಯ ಕಾದಂಬರಿಗಳು ಏಳು. ಏಳನ್ನೂ ಅವಳು ಓದಿ ಪೆನ್ಸಿಲಿನಲ್ಲಿ ತಿದ್ದಿದಳು. ಇನ್ನು ನನ್ನ ಪ್ರಮಾದ.

ಪ್ರತಿ ತಿಂಗಳು ಮೆಟ್ಟಿಲ ಪಕ್ಕದ ಬೋರ್ಡಿನಲ್ಲಿ "ಈ ತಿಂಗಳ ಓದುಗ" ಎಂದು ಒಂದು ಹೆಸರು ಬರೆಯುವುದು ನನ್ನ ಕೆಲಸ. ನವೆಂಬರಿನಲ್ಲಿ ಕರಸ್ಪಾಂಡೆಂಟ್, ಬರೀ ಹೆಸರು ಸಾಲದು, ಓದಿದ ಪುಸ್ತಕಗಳನ್ನೂ ಬರೆಯಿರಿ, ಸಾಕ್ಷಿ ಬೇಕು ಎಂದರು. ಆ ತಿಂಗಳು ಹೆಚ್ಚು ಓದಿದವಳು ಗೋಕಿಲಾ. ನನಗೆ ಹಿಗ್ಗು. ನೇಕಾರರ ಮನೆ ಹುಡುಗಿಯ ಹೆಸರು ಬೋರ್ಡಿನ ಮೇಲೆ. ನನ್ನ ಕಾಲದಲ್ಲಿ ನನ್ನ ಹೆಸರನ್ನು ಯಾರೂ ಎಲ್ಲೂ ಬರೆಯಲಿಲ್ಲ. ಬಣ್ಣದ ಸೀಮೆಸುಣ್ಣ ತಗೊಂಡು, ಗುಂಡಗೆ, ಅವಳ ಹೆಸರು, ತರಗತಿ, ಊರು, ಕೆಳಗೆ ಏಳು ಪುಸ್ತಕಗಳ ಹೆಸರು ಬರೆದೆ. ಏಳರಲ್ಲಿ ಆರರ ಹೆಸರಿನಲ್ಲಿ ಸಕ್ಕರೆಯೋ ಸಿಹಿಯೋ ಸೂಜಿಯೋ ಇತ್ತು. ಅದನ್ನು ಬರೆದ ಕೈ ನನ್ನದೇ, ಓದಿದ ಕಣ್ಣೂ ನನ್ನದೇ. ಎರಡು ಪದವಿಯ ತಲೆಗೆ ಮಾತ್ರ ಏನೂ ಹೊಳೆಯಲಿಲ್ಲ. ಕೆಳಗೆ ಒಂದು ಹೂವು ಬೇರೆ ಬಿಡಿಸಿದೆ.

ಎರಡು ದಿನ ಗೋಕಿಲಾ ರಜೆಯಲ್ಲಿದ್ದಳು. ಮೂರನೆಯ ದಿನ ಅವಳ ಬದಲು ಅವಳ ತಾಯಿ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಮುಖದಲ್ಲಿ ರಕ್ತವಿಲ್ಲ. ನಂದಿನಿಗೆ ಗಂಡು ನಿಶ್ಚಯವಾಗುವ ಹಂತಕ್ಕೆ ಬಂದಿತ್ತಂತೆ. ಗಂಡಿನ ಅಕ್ಕ ರಾಜೇಶ್ವರಿಯ ಮಗಳು ದರ್ಶಿನಿ ನಮ್ಮ ಶಾಲೆಯಲ್ಲೇ ಎಂಟನೇ ತರಗತಿ. ರಾಜೇಶ್ವರಿ ಮಗಳ ಪರೀಕ್ಷೆಯ ಅಂಕ ಕೇಳಲು ಬಂದವಳು ಮೆಟ್ಟಿಲ ಬಳಿ ಬೋರ್ಡನ್ನು ನೋಡಿದ್ದಾಳೆ, ಫೋನಿನಲ್ಲಿ ಫೋಟೋ ಹಿಡಿದಿದ್ದಾಳೆ.

"ಫೋನ್ ಮಾಡಿದ್ರು ಅಕ್ಕಾ. ನಿಮ್ಮ ಚಿಕ್ಕವಳು ಓದೋದೆಲ್ಲಾ ಶುಗರ್ ಪುಸ್ತಕವೇ ಇದೆಯಲ್ಲ, ಏನು ಅಂತ ಕೇಳಿದ್ರು. ನಾನು ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ, ಸ್ಕೂಲಲ್ಲಿ ಎಲ್ಲಾ ಹುಡುಗೀರಿಗೂ ಅದೇ ಕೊಡ್ತಾರೆ ಅಂತ. ಶುಕ್ರವಾರ ಬಂದು ನಿಮ್ಮ ಹತ್ರ ಮಾತಾಡ್ತಾರಂತೆ. ಇವರಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದ್ರೆ ಅವತ್ತೇ ಟೀಸಿ ಕೇಳ್ತಾರೆ."

ಶುಕ್ರವಾರಕ್ಕೆ ಎರಡು ದಿನ. ನಾನು ಆಕೆಗೆ ನೀರು ಕೊಟ್ಟು ಕಳಿಸಿ, ರಿಜಿಸ್ಟರ್ ತೆಗೆದೆ. ಇಷ್ಟು ವರ್ಷ ಅದರಲ್ಲಿ ಒಂದು ತಪ್ಪು ಸಾಲು ಬರೆದವಳಲ್ಲ ಎಂದು ಕೊಚ್ಚಿಕೊಂಡವಳು, ಈಗ ಪ್ಲಸ್ ಒನ್‌ನ ಮೂವತ್ತೆಂಟು ಹುಡುಗಿಯರ ಹೆಸರಿನಲ್ಲಿ ಸಕ್ಕರೆ ಕಾದಂಬರಿಗಳನ್ನು ಕೊಟ್ಟ ಹಾಗೆ, ವಾಪಸ್ ಪಡೆದ ಹಾಗೆ, ಖಾಲಿ ಬಿಟ್ಟಿದ್ದ ಸಾಲುಗಳಲ್ಲೆಲ್ಲ ತುಂಬಲು ಕೂತೆ. ಹೊಸ ಲೈಬ್ರೇರಿಯನ್‌ಗಳೇ, ಕಂಪ್ಯೂಟರಿನಲ್ಲಿ ಈ ಸೌಕರ್ಯ ಇಲ್ಲ.

ಗುರುವಾರ ಗೋಕಿಲಾ ಬಂದಳು. ಎದುರಿಗೆ ಕೂತು ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಓದತೊಡಗಿದಳು.

"ಮಿಸ್, ಇದು ಭಾನುವಾರ. ಭಾನುವಾರ ಯಾರು ಪುಸ್ತಕ ತಗೋತಾರೆ?"

ಹೊಡೆದು ಹಾಕಿದೆ.

"ಹೊಡೀಬೇಡಿ, ಕಾಣ್ತದೆ. ಆರನ್ನ ಎಂಟು ಮಾಡಿ. ಈ ಮಣಿಮೇಖಲೈ ಆ ತಿಂಗಳೆಲ್ಲಾ ಟೈಫಾಯ್ಡ್ ಬಂದು ಮಲಗಿದ್ಲು, ತೆಗೀರಿ. ಒಂದೇ ಪುಸ್ತಕ ಒಂದೇ ದಿನ ಮೂರು ಜನಕ್ಕೆ ಕೊಟ್ಟಿದೀರಿ. ನಮ್ಮ ಹತ್ರ ಇರೋದು ಒಂದೇ."

"ನೀನೇ ಬರಿ ಹಾಗಾದ್ರೆ."

"ಬೇಡ ಮಿಸ್. ಆ ಪುಸ್ತಕ ಬರ್ದವರಿಗಿಂತ ನೀವು ವಾಸಿ. ಹೇಳಿದ್ರೆ ತಿದ್ಕೋತೀರಿ."

ಅಷ್ಟರಲ್ಲಿ ಕರಸ್ಪಾಂಡೆಂಟ್ ಒಳಗೆ ಬಂದರು. ತೆರೆದ ರಿಜಿಸ್ಟರಿನಲ್ಲಿ ಒಂದೇ ಕಪಾಟಿನ ಪುಸ್ತಕಗಳು ಸಾಲುಸಾಲಾಗಿ ಹೋಗಿ ಬಂದಿರುವುದನ್ನು ಕಂಡು ಅಲ್ಲೇ ನಿಂತರು. ಹಾಳೆಯನ್ನು ಉಜ್ಜಿ ನೋಡಿದರು. ಶಾಯಿ ಬೆರಳಿಗೆ ಹತ್ತಿತು. ಅದನ್ನು ಕರ್ಚೀಫಿಗೆ ಒರೆಸಿಕೊಂಡು, "ಇಡೀ ಕ್ಲಾಸು ಓದಿದೆ. ನಾಳೆ ಪ್ರಾರ್ಥನೆಯಲ್ಲಿ ಹೇಳ್ತೀನಿ" ಎಂದರು. ಹೇಳಿದರು ಕೂಡ. ಮೂವತ್ತೆಂಟು ಹುಡುಗಿಯರು ತಾವು ಓದದ ಪುಸ್ತಕಗಳಿಗಾಗಿ ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟಿಸಿಕೊಂಡರು. ಒಬ್ಬಳೂ ಬಾಯಿಬಿಡಲಿಲ್ಲ. ಹೊಗಳಿಸಿಕೊಳ್ಳುವಾಗ ಯಾರೂ ರಿಜಿಸ್ಟರ್ ಕೇಳುವುದಿಲ್ಲ.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ರಾಜೇಶ್ವರಿ ಬಂದಳು. ಮೂವತ್ತೈದರ ಆಸುಪಾಸು, ಒಳ್ಳೆಯ ಸೀರೆ, ನಿದ್ದೆಗೆಟ್ಟ ಕಣ್ಣು. ನಾನು ಗೋಕಿಲಾಳನ್ನು ಬೇಕೆಂದೇ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ಬಚ್ಚಿಡಲು ಏನೂ ಇಲ್ಲ ಎಂದು ತೋರಿಸಲು. ರಿಜಿಸ್ಟರ್ ಬಿಚ್ಚಿ ಮುಂದೆ ಸರಿಸಿ ನನ್ನ ಭಾಷಣ ಶುರುಮಾಡಿದೆ. ಧೈರ್ಯದ ಕಪಾಟು, ಹದಿಹರೆಯ, ಮನೋಬಲ, ಎಲ್ಲ ಹುಡುಗಿಯರಿಗೂ ಕಡ್ಡಾಯ. ಅವಳು ರಿಜಿಸ್ಟರಿನ ಕಡೆ ನೋಡಲೇ ಇಲ್ಲ. ಗೋಕಿಲಾಳನ್ನೇ ನೋಡುತ್ತಿದ್ದಳು.

"ಪಾಪಾ" ಎಂದಳು, "ಆ ಪುಸ್ತಕದಲ್ಲೆಲ್ಲಾ ಕೊನೇಲಿ ಏನಾಗ್ತದೆ?"

ಗೋಕಿಲಾ ಒಪ್ಪಿಸಿದಳು. "ಒಂದರಲ್ಲಿ ಕಡಲು ನೋಡಕ್ಕೆ ಹೋಗ್ತಾಳೆ ಅಕ್ಕಾ. ಒಂದರಲ್ಲಿ ಸಾಯ್ತಾಳೆ. ಇನ್ನೊಂದರಲ್ಲಿ ಕಡಲು ನೋಡಿ ಸಾಯ್ತಾಳೆ."

ನಾನು ನಕ್ಕೆ. ರಾಜೇಶ್ವರಿ ನಗಲಿಲ್ಲ.

"ಎಷ್ಟು ವರ್ಷಕ್ಕೆ?"

"ಏನಕ್ಕಾ?"

"ಸಾಯೋದು."

ಗೋಕಿಲಾ ಅವಳ ಮುಖ ನೋಡಿದಳು. ಆಮೇಲೆ ಕೇಳಿದಳು, "ಹೊಟ್ಟೆಗೆ ಹಾಕ್ತೀರಾ, ತೊಡೆಗಾ?"

ನನಗೆ ಏನೂ ಅರ್ಥವಾಗಲಿಲ್ಲ. ರಾಜೇಶ್ವರಿಗೆ ಆಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೊಟ್ಟೆಗೆ" ಎಂದಳು. "ದರ್ಶಿನಿಗೆ. ಎರಡು ತಿಂಗಳಾಯ್ತು ಗೊತ್ತಾಗಿ. ನಂಗೆ ಕೈ ನಡುಗ್ತದೆ, ಅವರಪ್ಪ ಹಾಕ್ತಾರೆ. ಮದ್ಯಾನ ಹಾಕೋರು ಯಾರೂ ಇಲ್ಲ, ಅದಕ್ಕೆ ಸ್ಕೂಲಿಗೆ ಅರ್ಧ ದಿವಸ ಕಳಿಸ್ತೀನಿ. ತಮ್ಮನ ಕಲ್ಯಾಣ ಆಗೋವರೆಗೂ ಯಾರಿಗೂ ಹೇಳ್ಬಾರ್ದು ಅಂತ ನಮ್ಮಮ್ಮ. ಈ ಪುಸ್ತಕದಲ್ಲಿ ಏನಾರ ಹಾಕಿರ್ತಾರೇನೋ ಅಂತ ಕೇಳಕ್ಕೆ ಬಂದೆ."

ಗೋಕಿಲಾ ಬ್ಯಾಗಿಗೆ ಕೈ ಹಾಕಿದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಬೇಡ, ಒಂದೂವರೆ ವರ್ಷ, ಪ್ಲಸ್ ಟು ಎಂಬ ಎಲ್ಲವನ್ನೂ ಸೇರಿಸಿ ತುಳಿದೆ. ಅವಳು ಕಾಲನ್ನು ಎಳೆದುಕೊಂಡು ಊಸಿಯ ಚೀಲ ತೆಗೆದು ಮೇಜಿನ ಮೇಲಿಟ್ಟಳು.

"ಪುಸ್ತಕದಲ್ಲಿ ಸಾಯ್ತಾರೆ ಅಕ್ಕಾ, ಬರೆಯೋರಿಗೆ ಬೇರೆ ಕೊನೆ ಗೊತ್ತಿಲ್ಲ. ಊಸಿ ಸರಿಯಾಗಿ ಹಾಕ್ಕೊಂಡ್ರೆ ಸುಮ್ನೆ ಸಾಯಲ್ಲ. ನಾನು ಆರನೇ ಕ್ಲಾಸಿಂದ ಹಾಕ್ಕೋತಿದೀನಿ. ನೋಡಿ, ಇಷ್ಟೇ."

ಹಾಕಿಕೊಂಡಳು. ರಾಜೇಶ್ವರಿ ಕಣ್ಣು ಮುಚ್ಚಲಿಲ್ಲ. ಸೂಜಿ ಹೊರಬಂದ ಮೇಲೆ ಕೇಳಿದಳು. "ಮತ್ತೆ ನಿಮ್ಮಮ್ಮ ಎಲ್ಲಾರಿಗೂ ಕೊಡೋ ಪುಸ್ತಕ ಅಂದ್ರಲ್ಲ?"

"ಅಮ್ಮ ಸುಳ್ಳು ಹೇಳಿದ್ರು. ಮಿಸ್ಸು ಸುಳ್ಳು ಬರೆದ್ರು. ಎರಡು ದಿವಸ ಕೂತು ಬರೆದಿದಾರೆ, ಒಂದ್ಸಲ ನೋಡಿಬಿಡಿ."

ಅವಳು ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಹೋಗುವಾಗ ಮದುವೆಯ ಮಾತು ಎತ್ತಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

"ಯಾಕೆ ಹೇಳಿದೆ?" ಎಂದು ಬೈದೆ. "ಅವಳು ಹೋಗಿ ಮನೇಲಿ ಹೇಳಿದ್ರೆ ನಿನ್ನ ಓದು ಮುಗೀತು."

"ಆ ಮಗು ಅರ್ಧ ದಿವಸ ಬರ್ತಾ ಇದೆ ಮಿಸ್" ಎಂದಳು ಅವಳು. ಡಬ್ಬಿ ಬಿಚ್ಚಿ ಉಂಡಳು.

ಸೋಮವಾರ ಗೋಕಿಲಾ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ನಾನು ಅರ್ಧ ದಿನ ರಜೆ ಹಾಕಿ ಪಲ್ಲಡಂ ಬಸ್ ಹತ್ತಿದೆ. ಅವರ ಮನೆಯಲ್ಲಿ ಆರು ಪವರ್‌ಲೂಮಿನ ಸದ್ದು, ಮಾತಾಡಬೇಕಾದರೆ ಬೀದಿಗೇ ಬರಬೇಕು. ತಾಯಿ ಹೆದರಿಕೆ ತಾಳಲಾಗದೆ ಎಲ್ಲವನ್ನೂ ಗಂಡನಿಗೆ ಹೇಳಿಬಿಟ್ಟಿದ್ದರು. ತಂದೆ ಬನಿಯನ್ನಿನಲ್ಲೇ ಬೀದಿಗೆ ಬಂದು ನಿಂತರು. ನಾನು ನನ್ನ ಪದವಿಗಳ ಸಮೇತ ಮಾತಾಡಿದೆ. ಹೆಣ್ಣುಮಕ್ಕಳ ವಿದ್ಯೆ, ಮೊದಲ ತಲೆಮಾರು, ನಾನೂ ನಿಮ್ಮಂಥ ಮನೆಯಿಂದಲೇ ಬಂದವಳು, ಎಲ್ಲ. ಅವರು ಪೂರ್ತಿ ಕೇಳಿದರು, ಮರ್ಯಾದಸ್ಥರು.

"ನೀವು ಓದಿದವರು ಟೀಚರಮ್ಮ" ಎಂದರು. "ಆ ಬೋರ್ಡಲ್ಲಿ ಬರ್ದಿದ್ದೂ ಓದಿದವರೇ. ಕಲ್ಯಾಣ ಆಗೋವರೆಗೂ ಮನೇಲಿರ್ಲಿ. ಆಮೇಲೆ ನೋಡೋಣ."

ಗೋಕಿಲಾ ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಅವಳ ಬೆರಳಲ್ಲಿ ನೂಲಿನ ಪುಡಿ ಮೆತ್ತಿಕೊಂಡಿತ್ತು. ಆಗಲೇ ಮಗ್ಗದ ಕೆಲಸಕ್ಕೆ ಹಚ್ಚಿದ್ದರು.

ಅವಳನ್ನು ಆ ಮಗ್ಗದಿಂದ ಬಿಡಿಸಿದ್ದು ನಾನಲ್ಲ. ನನ್ನ ಎರಡು ಪದವಿಯಲ್ಲ, ಧೈರ್ಯದ ಕಪಾಟೂ ಅಲ್ಲ. ಭಾನುವಾರ ರಾಜೇಶ್ವರಿ ತಮ್ಮನನ್ನೂ ತಾಯಿಯನ್ನೂ ಕರೆದುಕೊಂಡು ಅವರ ಮನೆಗೆ ಹೋದಳಂತೆ. ಬಾಗಿಲು ಹಾಕಿಸಿ, ಮಗ್ಗ ನಿಲ್ಲಿಸಿ ಕೂತರಂತೆ. ಸಂಬಂಧ ಮುರಿಯಲು ಬಂದಿದ್ದಾರೆ ಎಂದು ಗೋಕಿಲಾಳ ತಂದೆ ಕೈಕಟ್ಟಿ ನಿಂತರೆ, ಅವಳು ಕೇಳಿದ್ದು ಒಂದೇ ಮಾತು. "ನಾಳೆಯಿಂದ ದರ್ಶಿನಿ ಪೂರಾ ದಿವಸ ಸ್ಕೂಲಿಗೆ ಹೋಗ್ತಾಳೆ ಮಾವ. ಮದ್ಯಾನ ಅವಳಿಗೆ ಗೋಕಿಲಾನೇ ಊಸಿ ಹಾಕಿಸ್ಬೇಕು. ಗೋಕಿಲಾ ಸ್ಕೂಲಿಗೆ ಬರ್ತಾಳೆ ತಾನೇ?"

ಗಂಡಿನ ಕಡೆಯವರ ಮಾತು. ವಿದ್ಯೆಯ ಮಹಿಮೆಯ ಬಗ್ಗೆ ನಾನು ಬೀದಿಯಲ್ಲಿ ನಿಂತು ಮಾಡಿದ ಭಾಷಣಕ್ಕೆ ಅಲ್ಲಾಡದ ತಂದೆ, "ಬರ್ತಾಳೆ, ಬರ್ತಾಳೆ, ನಾಳೆಯಿಂದಲೇ ಬರ್ತಾಳೆ" ಎಂದು ಮೂರು ಸಲ ಹೇಳಿದರಂತೆ. ನಿಶ್ಚಯ ಆ ತಿಂಗಳೇ ನಡೆಯಿತು. ಇವರ ಗುಟ್ಟು ಅವರ ಹತ್ತಿರ, ಅವರ ಗುಟ್ಟು ಇವರ ಹತ್ತಿರ. ಇನ್ನು ಎರಡು ಕಡೆಯವರೂ ಸೇರಿ ಊರಿನಿಂದ ಬಚ್ಚಿಡುವುದು. ಜಾತಕ ಕೂಡಿ ಬಂದ ಎಷ್ಟೋ ಮದುವೆ ನೋಡಿದ್ದೇನೆ, ಇಷ್ಟು ಗಟ್ಟಿಯಾಗಿ ಕೂಡಿದ್ದನ್ನು ನೋಡಿಲ್ಲ.

ಕಪಾಟುಗಳ ಹಿಂದೆ ಈಗ ಇಬ್ಬರು. ದರ್ಶಿನಿ ಮೊದಲ ವಾರವೆಲ್ಲ ಅತ್ತಳು. ಗೋಕಿಲಾ ಸಮಾಧಾನ ಹೇಳುವವಳಲ್ಲ. "ಅಳು, ಆದ್ರೆ ಕೈ ಅಲ್ಲಾಡಿಸ್ಬೇಡ" ಎನ್ನುತ್ತಿದ್ದಳು. ಎರಡನೆಯ ವಾರ ಆ ಮಗು ತಾನೇ ಚುಚ್ಚಿಕೊಂಡಿತು. ಮೂರನೆಯ ವಾರ ತಿಂಡಿಗಾಗಿ ಇಬ್ಬರೂ ಕಚ್ಚಾಡತೊಡಗಿದರು. ಕರಸ್ಪಾಂಡೆಂಟರು ಮಾರನೆಯ ವರ್ಷ ಧೈರ್ಯದ ಕಪಾಟನ್ನು ಎರಡು ಮಾಡಿಸಿದರು. ಹೊಸ ಪೆಟ್ಟಿಗೆಯಲ್ಲೂ ಹುಡುಗಿಯರು ಬೆನ್ನು ತೋರಿಸಿಕೊಂಡೇ ನಿಂತಿದ್ದರು.

ಗೋಕಿಲಾ ಪ್ಲಸ್ ಟು ಪಾಸಾದಳು. ಶಾಲೆ ಬಿಡುವವರು ಲೈಬ್ರರಿಗೆ ಬಾಕಿ ಇಲ್ಲ ಎಂದು ನನ್ನ ಸಹಿ ತಗೊಳ್ಳಬೇಕು. ಫಾರಂ ಹಿಡಿದು ಬಂದ ದಿನ ನಾನು ಕಾದುಕೊಂಡಿದ್ದ ಮಾತನ್ನು ಹೇಳಿದೆ. ಇಂಗ್ಲಿಷ್ ಸಾಹಿತ್ಯ ಓದು, ಆ ಕಾದಂಬರಿಗಳಲ್ಲಿ ಇರದ್ದೆಲ್ಲ ನಿನಗೆ ಗೊತ್ತು, ನೀನೇ ಒಂದು ಬರಿ ಎಂದೆ. ಅವಳು ನನ್ನನ್ನು ಕರುಣೆಯಿಂದ ನೋಡಿದಳು.

"ಯಾಕೆ ಮಿಸ್, ಶುಗರ್ ಇದ್ದವರೆಲ್ಲಾ ಪುಸ್ತಕ ಬರೀಬೇಕಾ? ಬಿ.ಕಾಂ. ಸೇರ್ತಿದೀನಿ. ಅಪ್ಪ ಶರಿ ಅಂದಿದಾರೆ."

"ಬಿ.ಕಾಂ. ಓದಿ?"

"ಕೆಲಸ. ಮೇಜು ಕುರ್ಚಿ ಇರೋ ಕೆಲಸ. ಊಟದ ಹೊತ್ತಿಗೆ ಮೇಜಿನ ಮೇಲೇ ಊಸಿ ಇಟ್ಕೊಂಡು ಎಲ್ಲಾರೆದುರಿಗೂ ಹಾಕ್ಕೋಬೇಕು. ಯಾರಾದ್ರೂ ನೋಡಿದ್ರೆ ನೋಡ್ಲಿ." ಫಾರಂ ನನ್ನ ಕಡೆ ತಳ್ಳಿದಳು. "ಬೇಗ ಸೈನ್ ಹಾಕಿ ಮಿಸ್. ದರ್ಶಿನಿ ಗೇಟಿನ ಹತ್ರ ಕಾಯ್ತಿದಾಳೆ, ಹಸಿವಾದ್ರೆ ಆ ಹುಡುಗಿ ಯಾರ ಮಾತೂ ಕೇಳಲ್ಲ."